ಕೆಂಪು ತೇಪೆಯ ಕೊಡೆ

ಮೊನ್ನೆ ಅಂಗಡಿಯ ಅಟ್ಟ ಗುಡಿಸುವಾಗ ಒಂದು ಹಳೆಯ ಕೊಡೆ ಸಿಕ್ಕಿತು. ಯಾರೋ ರಿಪೇರಿಗೆ ಕೊಟ್ಟು ಒಯ್ಯದೆ ಬಿಟ್ಟದ್ದು. ಬಿಚ್ಚಿದೊಡನೆ ಮುಗ್ಗಲು ಬಟ್ಟೆಯ, ತುಕ್ಕು ಕಡ್ಡಿಯ ವಾಸನೆ. ಪೊರಕೆ ಬಿಟ್ಟು ಅಲ್ಲೇ ಕುಳಿತೆ. ಕೊಡೆ ರಿಪೇರಿಯವರು ನೆನಪಾದರು...

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ನನ್ನದು ಮೆಡಿಕಲ್ ಶಾಪ್. ಮಳೆಗಾಲ ಪೂರ್ತಿ ಅದರ ಮೆಟ್ಟಿಲ ಪಕ್ಕವೇ ಅವರ ಠಿಕಾಣಿ. ಬಾಯಿ ತುಂಬ ಎಲೆಯಡಿಕೆ, ಅದಕ್ಕಿಂತ ಹೆಚ್ಚು ಜಂಬ. ತಮ್ಮ ಹೊಲಿಗೆಯನ್ನು ನೂರು ಕೊಡೆಗಳ ನಡುವೆಯೂ ಗುರುತಿಸುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದರು. ನಾನು ಚುಡಾಯಿಸುತ್ತಿದ್ದೆ. ತೇಪೆಗೆ ಬೇಕಾದ ನೀರಿಳಿಯದ ದಪ್ಪ ಬಟ್ಟೆಯ ಚೂರುಗಳನ್ನು ಪಕ್ಕದ ಓಣಿಯಲ್ಲಿ ಶಾಲಾ ಚೀಲ ಹೊಲಿಯುತ್ತಿದ್ದ ಹೆಂಗಸು ಪುಕ್ಕಟೆ ಕೊಡುತ್ತಿದ್ದಳು.

ಒಂದು ಆಷಾಢದ ಮಧ್ಯಾಹ್ನ ಆ ಹೆಂಗಸನ್ನು ಯಾರೋ ಅವಳ ಮನೆಯಲ್ಲೇ ಕತ್ತು ಹಿಸುಕಿ ಕೊಂದರು. ಕೊರಳಲ್ಲಿ ಸರ ಇರಲಿಲ್ಲ.

ಮರುದಿನ ಪೊಲೀಸರು ನನ್ನ ಅಂಗಡಿಯ ಕ್ಯಾಮೆರಾ ನೋಡಲು ಬಂದರು. ಬಾಗಿಲಿಗೆ ಅಡ್ಡ ಬೈಕ್ ನಿಲ್ಲಿಸುವ ಮಹಾನುಭಾವರನ್ನು ಹಿಡಿಯಲೆಂದು ನಾನು ಹಾಕಿಸಿದ್ದು ಅದು. ಎತ್ತರದಲ್ಲಿದ್ದುದರಿಂದ ಮಳೆಯಲ್ಲಿ ಓಡಾಡುವವರ ಪೈಕಿ ಅದಕ್ಕೆ ಕಂಡದ್ದು ಬರೀ ಕೊಡೆಗಳು. ಕೊಲೆಯ ಹೊತ್ತಿಗೆ ಓಣಿಯೊಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಬಿರಬಿರನೆ ತಿರುಗಿ ಬಂದದ್ದು ಒಂದೇ ಕೊಡೆ. ಅದರಡಿಯ ಮುಖ ಕಾಣಲಿಲ್ಲ. ಕಪ್ಪು ಬಟ್ಟೆಯ ಮೇಲೆ ಒಂದು ಕೆಂಪು ತೇಪೆ ಎದ್ದು ಕಾಣುತ್ತಿತ್ತು.

ಇವರನ್ನು ಕೇಳಿ ಎಂದು ಕೊಡೆ ರಿಪೇರಿಯವರನ್ನು ಒಳಗೆ ಕರೆದವನು ನಾನೇ. ಇನ್ಸ್‌ಪೆಕ್ಟರ್ ಚಿತ್ರ ನಿಲ್ಲಿಸಿ ತೋರಿಸಿದರು. ರಿಪೇರಿಯವರ ಮುಖ ಅರಳಿತು.

“ಹೋ, ಇದು ನನ್ ಕೈದೇ ಸಾರ್! ಹೊಲಿಗೆ ನೋಡಿ...”

ಅಲ್ಲಿಗೆ ಮಾತು ನಿಂತಿತು. ಮುಖ ಸುಣ್ಣವಾಯಿತು. ಯಾರ ಕೊಡೆ ಎಂದು ಇನ್ಸ್‌ಪೆಕ್ಟರ್ ಎರಡು ಸಲ ಕೇಳಿದರು. ನೆನಪಿಲ್ಲ ಎಂದುಬಿಡಲಿ ಎಂದು ನಾನೇ ಒಳಗೊಳಗೆ ಹಾರೈಸಿದೆ, ಏಕೋ ಗೊತ್ತಿಲ್ಲ.

“ನನ್ ಅಳಿಯಂದು,” ಎಂದರು ಕೊನೆಗೆ. “ಆ ಚೂರು ಆಯಮ್ಮನೇ ಕೊಟ್ಟಿದ್ದು ಸಾರ್. ಹೆಂಗೆ ಸುಳ್ ಹೇಳ್ಲಿ?”

ಅಳಿಯ ಮೇಳಿಗೆ ಊರಿನ ತನ್ನ ಮನೆಯಲ್ಲಿ ಸರದ ಸಮೇತ ಸಿಕ್ಕಿಬಿದ್ದ. ಮಗಳು ಕೂಸನ್ನೆತ್ತಿಕೊಂಡು ಸಾಗರದ ಚಿಕ್ಕಮ್ಮನ ಮನೆ ಸೇರಿದಳು. ಅಪ್ಪನೊಂದಿಗೆ ಮಾತು ಬಿಟ್ಟಳು. ಅವರು ವಾರಕ್ಕೊಮ್ಮೆ ಸಾಗರದ ಬಸ್ಸು ಹತ್ತುತ್ತಿದ್ದರು, ಮುಚ್ಚಿದ ಬಾಗಿಲು ನೋಡಿಕೊಂಡು ಸಂಜೆ ಮರಳುತ್ತಿದ್ದರು. ಹೊಲಿಗೆಯ ಬಗ್ಗೆ ಮತ್ತೆಂದೂ ಕೊಚ್ಚಿಕೊಳ್ಳಲಿಲ್ಲ. ನಾನೂ ಚುಡಾಯಿಸಲಿಲ್ಲ. ಕೊಲೆಗಾರ ಸಿಕ್ಕಿದ್ದು ಸರಿಯೇ, ಆದರೆ ಆ ದಿನ ಅವರನ್ನು ಕರೆಯಬಾರದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಹೋದ ಚಳಿಗಾಲ ಅವರು ತೀರಿಕೊಂಡರು. ಮಗಳು ಬರುವಷ್ಟರಲ್ಲಿ ಚಿತೆ ಆರಿತ್ತು... ಈ ಸಲ ಮಳೆ ಹಿಡಿದ ಮೇಲೆ ಒಂದು ದಿನ ಅವಳು ಅಂಗಡಿಗೆ ಬಂದಳು.

“ಅಣ್ಣಾ, ಅಪ್ಪಂದು ಒಂದು ಫೋಟೋನೂ ಇಲ್ಲ. ಇಲ್ಲೇ ಕೂರ್ತಿದ್ರಲ್ಲ... ನಿಮ್ ಕ್ಯಾಮೆರಾದಲ್ಲಿ ಇರ್ಬಹುದಾ?”

ಕ್ಯಾಮೆರಾ ಹಳೆಯದನ್ನೆಲ್ಲ ತಿಂಗಳೊಳಗೆ ತಾನೇ ಅಳಿಸಿಬಿಡುತ್ತದೆ. ಪೊಲೀಸರಿಗೆ ಕೊಟ್ಟಾಗ ಕಂಪ್ಯೂಟರಿನಲ್ಲಿ ಉಳಿದ ಆ ಒಂದು ತುಣುಕು ಮಾತ್ರ ನನ್ನ ಬಳಿ ಇತ್ತು. ಅದರ ಮೂಲೆಯಲ್ಲಿ ಅವರಿದ್ದಾರೆ, ತಲೆ ತಗ್ಗಿಸಿ ಹೊಲಿಯುತ್ತ. ಅಳಿಯ ಹತ್ತಿರದಲ್ಲೇ ಹಾದುಹೋದರೂ ತಲೆಯೆತ್ತಿಲ್ಲ. ಅದರಲ್ಲಿ ಏನಿದೆ ಎಂದು ಅವಳಿಗೆ ಮೊದಲೇ ಹೇಳಿದೆ. ಪರವಾಗಿಲ್ಲ ಎಂದಳು.

ಕೆಂಪು ತೇಪೆಯ ಕೊಡೆ ಬರುತ್ತಿದ್ದಂತೆ ಅವಳು ಪರದೆಯ ಆ ಭಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ತುಣುಕು ಮುಗಿಯಿತು. ಕೈ ತೆಗೆಯದೆಯೇ, ಇನ್ನೊಂದು ಸಲ ಹಾಕಿ ಎಂದಳು.