ಸೂಟ್‌ಕೇಸ್ ಆಕಾರದ ಮಸಿಕುಡಿಕೆ

ನಮ್ಮ ಯಜಮಾನರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ, ನಮ್ಮ ಕಪಾಟೇ ಹೇಳುತ್ತದೆ. ಬಟ್ಟೆ ಇಡಬೇಕಾದ ಎರಡು ಖಾನೆಗಳಲ್ಲಿ ಹಳೇ ಕಾಲದ ಪ್ರಯಾಣದ ಮಸಿಕುಡಿಕೆಗಳು ಕೂತಿವೆ: ಬೂಟಿನಂಥದ್ದು, ಟೋಪಿಯಂಥದ್ದು, ಬಾಯಿ ತೆರೆಯುವ ಕಪ್ಪೆ. ಒಟ್ಟು ನಲವತ್ತೊಂದು. ಮೂವತ್ತು ವರ್ಷ ಧೂಳು ಒರೆಸಿ ನನ್ನ ಕೈ ಸೋತಿದೆ. ಅವರೋ, ತಮ್ಮ ಪುಸ್ತಕ ಬೈಂಡಿಂಗ್ ಅಂಗಡಿಯ ಅಂಟಿನ ಡಬ್ಬಿ ಬಿಟ್ಟು ಎಲ್ಲಿಗೂ ಹೋದವರಲ್ಲ.

ಇದಕ್ಕೆಲ್ಲ ಮೂಲ ನಮ್ಮ ಮಾವ. ಊರೂರು ತಿರುಗಿ ಗುಂಡಿ, ಲೇಸು ಮಾರುತ್ತಿದ್ದವರು. ಹೋದಲ್ಲಿಂದ ಕಾಗದ ಬರೆಯಲಿ ಎಂದು ಅತ್ತೆ ಪುಟ್ಟ ಸೂಟ್‌ಕೇಸಿನಂಥ ಮಸಿಕುಡಿಕೆ ಕೊಡಿಸಿದ್ದರಂತೆ. ಒಂದು ಕಾಗದವೂ ಬರಲಿಲ್ಲ. ಕೇಳಿದಾಗಲೆಲ್ಲ ಮಾವ ಮುಚ್ಚಳ ಸೋರುತ್ತೆ ಎನ್ನುತ್ತಿದ್ದರಂತೆ. ಪೆನ್ಸಿಲ್ ಇರಲಿಲ್ಲವೇ ಎಂದು ನಾನು ಕೇಳಿಲ್ಲ. ಸೊಸೆ ಕೇಳುವ ಮಾತಲ್ಲ ಅದು. ಅಪ್ಪನಿಗೆ ಸೋರದ್ದೊಂದು ಹುಡುಕಿ ಕೊಡುತ್ತೇನೆಂದು ಹೊರಟ ಮಗ, ಅಪ್ಪ ತೀರಿಕೊಂಡ ಮೇಲೂ ನಿಲ್ಲಿಸಲಿಲ್ಲ.

ಹೊಸದು ಸಿಕ್ಕಾಗಲೆಲ್ಲ ಮಸಿ ತುಂಬಿ, ಬಿಳಿ ಅಂಗಿಯ ಜೇಬಿನಲ್ಲಿ ತಲೆಕೆಳಗಾಗಿ ಇಟ್ಟುಕೊಂಡು ಇಡೀ ದಿನ ಕೆಲಸ ಮಾಡುವುದು ಅವರ ಪರೀಕ್ಷೆ. ಆ ಅಂಗಿಯನ್ನು ಅತ್ತೆಯೇ ಒಗೆಯಬೇಕು, ನನಗೆ ಮುಟ್ಟಗೊಡುತ್ತಿರಲಿಲ್ಲ. ಕಲೆ ಕಂಡರೆ ಅತ್ತೆಯ ಮುಖ ಅರಳುತ್ತಿತ್ತು. ಇಂಥ ಕುಡಿಕೆಗಳೆಲ್ಲ ಸೋರುತ್ವೆ, ನೋಡು ಎಂದು ನನಗೆ ತೋರಿಸುತ್ತಿದ್ದರು.

ಹೋದ ವಾರ ಅಟ್ಟದ ಟ್ರಂಕಿನಲ್ಲಿ, ಲೇಸಿನ ಸುರುಳಿಗಳ ಅಡಿಯಲ್ಲಿ, ಆ ಸೂಟ್‌ಕೇಸ್ ಕುಡಿಕೆಯೇ ಸಿಕ್ಕಿತು. ಅತ್ತೆ ಅದನ್ನು ಮಗನ ಕೈಗಿಟ್ಟರು.

"ನಿಜವಾಗ್ಲೂ ಸೋರುತ್ತಾ ನೋಡಪ್ಪ."

ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವರಿಗೆ ತಿಳಿಯಬೇಕಿದ್ದದ್ದು ಇಷ್ಟೇ: ಗಂಡನಿಗೆ ಬರೆಯಲು ಆಗಲಿಲ್ಲವೋ, ಬರೆಯುವ ಮನಸ್ಸೇ ಇರಲಿಲ್ಲವೋ.

ಮಾರನೇ ದಿನ ಸಂಜೆ ಅಂಗಡಿಗೆ ಹೋದೆ. ಯಜಮಾನರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಇಡೀ ದಿನ ಆ ಕುಡಿಕೆ ಹೊತ್ತಿದ್ದ ಜೇಬು ಬೆಳ್ಳಗಿತ್ತು. ಇಷ್ಟು ವರ್ಷ ಕಳೆದ ಮೇಲೂ ಸೋರದ್ದು ಆಗ ಸೋರಿರುತ್ತದೆಯೇ? ನನ್ನ ಮುಖ ನೋಡದೆ ಮುಚ್ಚಳ ತೆಗೆದು ಜೇಬಿನ ಮೇಲೆ ಮಸಿ ಸುರಿದುಕೊಂಡರು. ನಾನು ತಡೆಯಲಿಲ್ಲ.

ಮನೆಗೆ ಬಂದು, "ಸೋರ್ತಮ್ಮಾ" ಎಂದರು.

ಅತ್ತೆ ಕನ್ನಡಕ ಹಾಕಿಕೊಂಡು ಜೇಬನ್ನು ಒಳಗಿನಿಂದ ತಿರುವಿ ನೋಡಿದರು.

"ಸೋರಿದ್ರೆ ತಳದ ಮೂಲೆ ಹೊಲಿಗೆ ಕಪ್ಪಾಗ್ಬೇಕಿತ್ತು. ಇದು ಮೇಲಿಂದ ಬಿದ್ದಿದೆ."

ಮೂವತ್ತು ವರ್ಷ ಅದೇ ಕಲೆ ಒಗೆದವರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು. ಅಳುವೂ ಬಂತು. ಅತ್ತೆ ಅಳಲಿಲ್ಲ. ಮಗನ ಅಂಗಿ ಬಿಚ್ಚಿಸಿ, ಮಡಚಿ, ನನ್ನ ಕೈಗೆ ಕೊಟ್ಟರು.

"ಇನ್ಮೇಲೆ ನೀನೇ ಒಗಿಯಮ್ಮ. ನಂಗೆ ಸಾಕಾಯ್ತು."