ಗವಲಿ ಹೊಸೆದ ಕೈ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ನೌಕರಿ ಮುಗಿಯಲಿ ಎಂದೆ, ಮೊಮ್ಮಗಳು ದೊಡ್ಡವಳಾಗಲಿ ಎಂದೆ, ಹೆಂಡತಿ ತೀರಿಕೊಂಡ ಮೇಲೆ ಇನ್ನು ಯಾರಿಗೆ ಹೇಳುವುದು ಎಂದೆ. ಕಳೆದ ರವಿವಾರ ನನ್ನ ಅಡುಗೆಮನೆಗೆ ಬಂದ ಒಂದು ಪಾಕೀಟು ಆ ನೆಪಗಳನ್ನೆಲ್ಲ ಮುಗಿಸಿತು.

ರವಿವಾರ ಮಗಳು, ಮೊಮ್ಮಗಳು ಇಬ್ಬರೂ ಧನಕವಡಿಯ ನನ್ನ ಮನೆಗೆ ಊಟಕ್ಕೆ ಬರುತ್ತಾರೆ. ಅವತ್ತು ಅಡುಗೆ ಮೊಮ್ಮಗಳದು. ಪಾಕೀಟಿನ ಬಾಯಿ ಕತ್ತರಿಸಿ ತಾಟಿಗೆ ಸುರಿದಳು. ಅಕ್ಕಿಕಾಳಿಗಿಂತ ತುಸು ದಪ್ಪ, ಎರಡೂ ತುದಿ ಚೂಪು, ನಸು ಹಳದಿ ಬಣ್ಣ.

"ಗವಲಿ ಎಲ್ಲಿ ಸಿಕ್ಕವು ನಿನಗ?" ಅಂದೆ.

"ಗವಲಿ ಅಲ್ಲ ಅಜ್ಜಾ, ಪಾಸ್ತಾ. ಇದೂ ಪಾಸ್ತಾದಾಗ ಒಂದು ನಮೂನಿ. ನೀ ಸುಮ್ನ ಕೂತು ಗಜ್ಜರಿ ಹೆಚ್ಚು."

ಎಣ್ಣೆಯಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿ ಬಾಡಿಸಿದಳು. ಗಜ್ಜರಿ, ಬೀನ್ಸ್, ಬಟಾಣಿ, ಟೊಮೆಟೊ ಹಾಕಿ ನೀರು ಸುರಿದಳು. ಕುದಿ ಬಂದ ಮೇಲೆ ಉಪ್ಪು, ಕರಿಮೆಣಸು, ಹಿಂದೆಯೇ ಆ ಪಾಸ್ತಾ. "ಹತ್ತು ಮಿನಿಟ, ಒಂದ ಪಾತೇಲಿ. ಊಟಾನೂ ಅದ, ಸೂಪೂ ಅದ. ತಿಕ್ಕೋ ಭಾಂಡೇನೂ ಒಂದ!" ಎಂದು ನಕ್ಕಳು. ಹಿಟ್ಟಿನ ಕಾಳು ತರಕಾರಿಯ ನೀರಿನಲ್ಲಿ ಮೆತ್ತಗಾಗುವ ವಾಸನೆ ಮನೆ ತುಂಬಿತು. ಆ ವಾಸನೆ ನನಗೆ ಗೊತ್ತಿತ್ತು... ಚಾಕು ಕೆಳಗಿಟ್ಟೆ.

ಆಗ ನಾವು ಇದೇ ಮರಾಠಿ ಊರಿನ ಪೇಟೆಯ ಒಂದು ಹಳೆಯ ವಾಡೆಯಲ್ಲಿದ್ದೆವು. ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರ. ನಾನು ಮೆಟ್ರಿಕ್ ಮುಗಿಸಿ ಬಾಗಲಕೋಟೆಯಿಂದ ಬಂದು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಪಕ್ಕದ ಕೋಣೆಯಲ್ಲಿ ಕಾಕು ಇದ್ದರು. ನಮ್ಮ ಕಡೆಯವರೇ, ಕನ್ನಡದವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಾಡೆಯ ಮಕ್ಕಳಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಹಾಗಾಗಿ ದೊಡ್ಡವರಿಗೂ ಕಾಕು. ನಾನೊಬ್ಬ ಮಾತ್ರ ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು. ಇಬ್ಬರಲ್ಲಿ ಯಾರು ಹಿರಿಯರೆಂದು ನಾವು ಲೆಕ್ಕ ಹಾಕಲೇ ಇಲ್ಲ.

ಮಗಳು ಸಣ್ಣವಳಿದ್ದಾಗ ನನ್ನ ಹೆಂಡತಿಗೆ ವಿಷಮಜ್ವರ ಬಂದು ದವಾಖಾನೆ ಸೇರಿದಳು. ಅವಳ ಬೆನ್ನಿಗೇ ಮಗಳೂ ಜ್ವರದಿಂದ ಮಲಗಿದಳು. ನಾನು ಅನ್ನ ಮಾಡಿದೆ, ಅದು ಅಂಟಂಟು ಮುದ್ದೆಯಾಯಿತು. ಕಾಕು ಬಂದು ಪಾತೇಲಿಯೊಳಗೆ ಇಣುಕಿದರು.

"ಅಣ್ಣಾರ, ಇದನ್ನ ಗ್ವಾಡಿಗೆ ಹಚ್ಚಿದ್ರ ಗಿಲಾಯಿ ಮಾಡಸೋದು ಬ್ಯಾಡ್ರಿ. ಏಳ್ರಿ, ಆಕಡೆ ಸರೀರಿ."

ಅವತ್ತು ಅವರು ತಮ್ಮ ಡಬ್ಬಿಯಿಂದ ಗವಲಿ ತಂದರು. ಗೊತ್ತಿಲ್ಲದವರಿಗೆ ಹೇಳಬೇಕು: ಸಣ್ಣ ರವೆಯನ್ನು ಹಾಲಿನಲ್ಲಿ ನಾದಿ, ಬೆರಳ ತುದಿಯಲ್ಲಿ ಚಿವುಟಿ ಚಿವುಟಿ, ಅಕ್ಕಿಯಂತೆ ಹೊಸೆದು ಒಣಗಿಸಿದ ಕಾಳು ಅದು. ಮದುವೆಯ ಪಾಯಸಕ್ಕೆ ಕಾದಿಡುವ ಪದಾರ್ಥ. ಅದನ್ನು ಯಾರೂ ಸಾರಿಗೆ ಹಾಕುವುದಿಲ್ಲ. ಕಾಕು ಹಾಕಿದರು. ಗಜ್ಜರಿ, ಬಟಾಣಿ, ಮನೆಯಲ್ಲಿದ್ದ ಒಂದು ಟೊಮೆಟೊ, ಉಪ್ಪು, ಮೆಣಸು, ಎಲ್ಲ ಒಂದೇ ಪಾತೇಲಿಯಲ್ಲಿ. "ಉಣ್ಣವ್ವ ಮಹಾರಾಣಿ, ನಿನ್ನ ಮದುವಿ ಗವಲಿ ಈಗ ಉಂಡುಬಿಡು, ಮದುವಿಗೆ ಮತ್ತ ಹೊಸದು ಹೊಸೀತೀನಿ," ಎನ್ನುತ್ತ ಚಮಚದಿಂದ ಕುಡಿಸಿದರು. ಏನನ್ನೂ ಬಾಯಿಗೆ ಸೇರಿಸದ ಹುಡುಗಿ ಅದನ್ನು ನುಂಗಿದಳು. ಹೆಂಡತಿ ಮನೆಗೆ ಬರುವವರೆಗೂ ದಿನವೂ ಅದೇ ಊಟ. ರಾತ್ರಿ ಮಗಳು ಮಲಗುತ್ತಿದ್ದದ್ದೂ ಕಾಕುವಿನ ಮಗ್ಗುಲಲ್ಲೇ...

ಹೇಳಿದ ಮಾತನ್ನು ಅವರು ಮರೆಯಲಿಲ್ಲ. ಮಗಳ ಮದುವೆ ಗೊತ್ತಾದಾಗ ಬಾಗಿಲಿಗೆ ಬಂದು ನಿಂತು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು: "ಅಣ್ಣಾರ, ಗವಲಿಗೆ ನನ್ನ ಕೈ ನಡೀತದೇನ್ರಿ?"

ಗವಲಿಗೆ ಕೈಹಚ್ಚುವವರು ಮುತ್ತೈದೆಯರಾಗಿರಬೇಕು. ನಮ್ಮಲ್ಲಿ ಹಾಗೆಯೇ ಪದ್ಧತಿ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ದೊಡ್ಡ ಮನುಷ್ಯನ ಹಾಗೆ ಎದೆಯುಬ್ಬಿಸಿ ಹೇಳಿದೆ: "ಹುಡುಗೀನ ಜ್ವರದಾಗಿಂದ ಎಬ್ಬಿಸಿದ ಕೈ ಅದು. ಅದು ನಡೀಲಿಲ್ಲಂದ್ರ ಯಾರದು ನಡೀತದ್ರಿ ಅಕ್ಕಾರ?"

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ಅವತ್ತಿನಿಂದ ಮಧ್ಯಾಹ್ನವೆಲ್ಲ ಅವರ ಹೊಸ್ತಿಲಲ್ಲಿ ಬಿಳಿಯ ಬಟ್ಟೆ ಹಾಸಿರುತ್ತಿತ್ತು. ಕಣ್ಣು ಆಗಲೇ ಮಂಜಾಗಿತ್ತು. ನೋಡಿ ಹೊಸೆಯುತ್ತಿರಲಿಲ್ಲ, ಬೆರಳಿನ ಅಂದಾಜಿನಲ್ಲೇ ಹೊಸೆಯುತ್ತಿದ್ದರು. ಒಂದು ದೊಡ್ಡ ಡಬ್ಬಿ ತುಂಬಿತು.

ಮದುವೆಯ ಹತ್ತಿರ, ಹುಡುಗನ ತಾಯಿ ಸೊಲ್ಲಾಪುರದಿಂದ ತಯಾರಿ ನೋಡಲು ಬಂದರು. ಬಹಳ ಮಡಿಯವರೆಂದು ಕೇಳಿದ್ದೆವು. ಮಗಳು ಹೊರಗೆ ಹೋಗಿದ್ದಳು. ಬೀಗತಿ ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಗವಲಿಯನ್ನು ಅಂಗೈ ಮೇಲೆ ಹರಡಿಕೊಂಡರು.

"ಅಯ್ಯ, ಎಷ್ಟು ನಾಜೂಕ ಅದಾವ್ರಿ! ಇಂಥಾವು ನಾ ಇತ್ತೀಚಿಗೆ ನೋಡೇ ಇಲ್ಲ. ಯಾರ್ರಿ ಹೊಸೆದವರು?"

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ: "ನಮ್ಮ ತಂಗಿ ರೀ. ಬಾಗಲಕೋಟಿಂದ ಮಾಡಿ ಕಳಿಸ್ಯಾಳ."

ಕಾಕು ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬೀಗತಿಯ ಕಣ್ಣು ಅವರ ಬರಿಯ ಹಣೆಯ ಮೇಲೆ ನಿಂತಿತು.

"ಇವರು?"

"ಇವರು... ಕೆಲಸಕ್ಕ ಬರ್ತಾರ್ರಿ."

ಸುಳ್ಳು ಹೇಳೆಂದು ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ. ನಿಜ ಹೇಳಿದ್ದರೆ ಬೀಗತಿ ಏನೆನ್ನುತ್ತಿದ್ದರೋ, ಅದೂ ನನಗೆ ಗೊತ್ತಿಲ್ಲ. ಅವರು ಒಳ್ಳೆಯವರಾಗಿಯೇ ಬಾಳಿ ಹೋದರು. ಒಂದು ವೇಳೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ... ನಾನು ಅವರಿಗೆ ಆ ಅವಕಾಶವನ್ನೇ ಕೊಡಲಿಲ್ಲ.

ಕಾಕು ಚಹಾ ಇಟ್ಟರು. "ಹೌದ್ರಿ ಬಾಯಾರ, ಕೆಲಸಕ್ಕ ಬರ್ತೀನಿ," ಅಂದರು. ನನ್ನ ಸುಳ್ಳನ್ನು ಅವರು ಅರ್ಧಕ್ಕೆ ಬಿಡಲಿಲ್ಲ. ಕುಡಿದ ಕಪ್ಪುಗಳನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ತೊಳೆದು ಬೋರಲು ಹಾಕಿದರು. ನೆಲಕ್ಕೆ ಬಿದ್ದ ಚಹಾದ ಹನಿಯನ್ನು ಕುಕ್ಕರಗಾಲಲ್ಲಿ ಕೂತು ಒರೆಸಿದರು. ಹೊರಡುವ ಮುಂಚೆ, ಯಾವಾಗಲೂ ತಂಗಿ ಎಂದೇ ಕರೆಯುತ್ತಿದ್ದ ನನ್ನ ಹೆಂಡತಿಯನ್ನು ಕೇಳಿದರು: "ಇನ್ನೇನರ ಕೆಲಸ ಅದ ಏನ್ರಿ, ಬಾಯಾರ?"

ಹೆಂಡತಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬೀಗತಿ ಹೋದ ಮೇಲೆ ನನಗೆ ಒಂದೇ ಮಾತು ಅಂದಳು: "ಹೋಗ್ರಿ. ಕಾಲು ಹಿಡಕೊಂಡು ಬರ್ರಿ."

"ಮದುವಿ ಮುಗೀಲಿ," ಅಂದೆ.

ಮದುವೆಗೆ ಅವರನ್ನು ಕರೆಯಲಿಲ್ಲ. ಮಂಟಪದಲ್ಲಿ ಅವರು ನೆಂಟರ ನಡುವೆ ಕುಳಿತರೆ ನನ್ನ ಸುಳ್ಳು ಹೊರಬೀಳುತ್ತಿತ್ತಲ್ಲ. ಓಣಿಯ ಮನೆಮನೆಗೆ ಅಕ್ಷತೆ ಹಿಡಿದು ಹೋದವನು ಪಕ್ಕದ ಬಾಗಿಲನ್ನು ದಾಟಿ ನಡೆದೆ. ಹೊರಡುವ ಬೆಳಗ್ಗೆ ಮಗಳು ಮದುಮಗಳ ಸೀರೆಯಲ್ಲಿ ಅಂಗಳದಲ್ಲಿ ನಿಂತು ಕೇಳಿದಳು: "ಅಪ್ಪಾ, ಕಾಕು ಎಲ್ಲಿ? ಕಾಲಿಗೆ ಬೀಳಬೇಕು. ಬಾಗಿಲಾ ಹಾಕೇದ."

"ಊರಿಗೆ ಹೋದ್ರವ್ವ, ತಮ್ಮನ ಮನಿಗೆ."

"ನನಗ ಹೇಳದ?"

ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಕೆಮ್ಮನ್ನು ತಡೆದುಕೊಂಡ ಸದ್ದಾಯಿತು. ಬಾಗಿಲಿಗೆ ಹತ್ತಿರ ಇದ್ದವನು ನಾನು. ಮಗಳಿಗೆ ಕೇಳಿಸಲಿಲ್ಲ. "ಹೊತ್ತಾತು, ನಡಿ," ಎಂದು ಅವಳ ತೋಳು ಹಿಡಿದು ಕರೆದುಕೊಂಡು ಹೋದೆ. ಮಂಟಪದಲ್ಲಿ ಗವಲಿಯ ಪಾಯಸವನ್ನು ಎಲ್ಲರೂ ಹೊಗಳಿದರು. ನಾನು ಅದನ್ನು ಮುಟ್ಟದೆ ಎಲೆ ಮಡಚಿದೆ.

ಮಗಳು ಮೊದಲ ಸಲ ತವರಿಗೆ ಬರುವಷ್ಟರಲ್ಲಿ ಪಕ್ಕದ ಕೋಣೆ ಖಾಲಿಯಾಗಿತ್ತು. ಕಾಕು ಇದೇ ಊರಿನ ಕೊಂಢವಾದಲ್ಲಿದ್ದ ತಮ್ಮನ ಮಗನ ಮನೆಗೆ ಹೋಗಿಬಿಟ್ಟಿದ್ದರು. ಆಮೇಲೆ ವಾಡೆಯನ್ನೂ ಕೆಡವಿದರು.

ಒಮ್ಮೆ ಮಾತ್ರ ಸಿಕ್ಕಿದ್ದರು, ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಬಟ್ಟೆಯ ಚೀಲ. ಗುರುತು ಹಿಡಿದವರು ಅವರೇ, ನನ್ನ ದನಿಯಿಂದ.

"ಅಣ್ಣಾರ, ಹುಡುಗಿ ಆರಾಮ ಅದಾಳೇನ್ರಿ?"

"ಅದಾಳ್ರಿ ಅಕ್ಕಾರ. ಆಕಿಗೆ ಈಗ ಒಂದು ಹೆಣ್ಣುಮಗು."

"ಹೌದಾ!" ಅವರ ಮುಖವೆಲ್ಲ ಅರಳಿತು. "ಆ ಕೂಸಿಗೆ ಗವಲಿ ಸೇರ್ತಾವೇನ್ರಿ?"

ಹೇಳಬೇಕಾದ ಮಾತು ಒಂದೇ ಇತ್ತು. ತಪ್ಪಾತ್ರಿ ಅಕ್ಕಾರ... ಇಷ್ಟೇ. ಅಷ್ಟರಲ್ಲಿ ಬಸ್ಸು ಬಂತು, ನನ್ನದು. ಆ ಬಸ್ಸಿನ ಹಿಂದೆ ಇನ್ನೊಂದು ಬರುತ್ತಿತ್ತು. ಆದರೂ ಹತ್ತಿಬಿಟ್ಟೆ.

ಅವರು ತೀರಿಕೊಂಡ ಸುದ್ದಿ ತಿಂಗಳುಗಳು ಕಳೆದ ಮೇಲೆ ಹಳೆಯ ಹಾಲಿನವನಿಂದ ತಿಳಿಯಿತು.

ಮೊನ್ನೆ ರವಿವಾರ ಮೊಮ್ಮಗಳು ಸೂಪು ಬಡಿಸಿದಳು. ಮಗಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅವಳ ಕೂದಲೂ ಈಗ ನೆರೆತಿದೆ.

"ಅಪ್ಪಾ, ಕಾಕು ಮಾಡ್ತಿದ್ದಳಲ್ಲ, ಥೇಟ ಹಂಗ ಅದ," ಎಂದು ನಕ್ಕವಳು ಚಮಚ ಕೆಳಗಿಟ್ಟಳು. "ಮದುವಿಗೆ ಬರಲೇ ಇಲ್ಲ ನೋಡು ಆಕಿ. ನಾ ಆಕಿಗೆ ಏನು ಅಂದಿದ್ದೆ ಅಂತ ಇನ್ನೂ ವಿಚಾರ ಮಾಡ್ತೀನಿ."

ಇಷ್ಟು ವರ್ಷ ಅವಳು ತನ್ನ ತಪ್ಪನ್ನೇ ಹುಡುಕುತ್ತಿದ್ದಳು. ನಾನು ಏನಂದೆ ಗೊತ್ತೆ? "ಉಪ್ಪು ಸ್ವಲ್ಪ ಕಡಿಮಿ ಆಗೇದ," ಅಂದೆ.

ಮಗಳು, ಮೊಮ್ಮಗಳು ಹೊರಟುಹೋದ ಮೇಲೆ ಪಾತೇಲಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಕಾಳುಗಳು ನೀರು ಕುಡಿದು ಉಬ್ಬಿದ್ದವು. ನಿಂತುಕೊಂಡೇ ತಿಂದೆ. ಎಲ್ಲವೂ ಒಂದೇ ಅಳತೆಯವು, ಮಶಿನ್ನಿನವು. ಕಾಕುವಿನ ಗವಲಿಯಲ್ಲಿ ಅಲ್ಲೊಂದು ಇಲ್ಲೊಂದು ಬೆರಳಿನ ಗೆರೆ ಕಾಣುತ್ತಿತ್ತು...

ಬರೆದ ಈ ಹಾಳೆಗಳನ್ನು ಮೊದಲು ನನ್ನ ಮಗಳ ಕೈಗೇ ಕೊಡುತ್ತೇನೆ. ಅವ್ವಾ, ನೀನು ಏನೂ ಅಂದಿರಲಿಲ್ಲ. ಅವರು ಊರಿಗೂ ಹೋಗಿರಲಿಲ್ಲ. ಬಾಗಿಲಿನ ಹಿಂದೆಯೇ ಇದ್ದರು. ಹರಸಲು ನಿನ್ನ ತಲೆಯ ಮೇಲೆ ಬರಬೇಕಿದ್ದ ಆ ಕೈಯನ್ನು ತಡೆದವನು ನಾನು. ಅವರ ಕಾಲು ಹಿಡಿಯಲು ಈಗ ಅವರಿಲ್ಲ. ಬೀಗತಿ ಅವತ್ತು ಕೇಳಿದ ಪ್ರಶ್ನೆಗೆ ಮಾತ್ರ ಇವತ್ತು ಉತ್ತರ ಹೇಳಬಲ್ಲೆ. ಆ ಗವಲಿ ಹೊಸೆದವರು ನನ್ನ ತಂಗಿಯಲ್ಲ. ನಮ್ಮ ಪಕ್ಕದ ಮನೆಯವರು. ಹೆಸರು ಗೋದಾವರಿ. ನನ್ನ ಗೋದಕ್ಕ.