ಮೂರೂವರೆಗೆ ಏಳುವ ಗೆಳೆಯ

ನನಗೆ ಊಟಗಳು ನೆನಪಿರುವಷ್ಟು ಚೆನ್ನಾಗಿ ಮನುಷ್ಯರು ನೆನಪಿರುವುದಿಲ್ಲ. ಯಾರಾದರೂ ಹಳೆಯ ಮದುವೆಯೊಂದರ ಮಾತೆತ್ತಿದರೆ ಮದುಮಗನ ಮುಖ ಮರೆತುಹೋಗಿರುತ್ತದೆ. ಆವತ್ತಿನ ಬದನೆಕಾಯಿ ಪಲ್ಯಕ್ಕೆ ಉಪ್ಪು ಒಂದು ಹರಳು ಹೆಚ್ಚಾಗಿದ್ದದ್ದು ಮಾತ್ರ ನಾಲಿಗೆಯ ಮೇಲೆ ಬಂದು ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಇದು ಶೋಭೆ ತರುವ ಗುಣವಲ್ಲ. "ನಿಮ್ಮ ಜ್ಞಾಪಕಶಕ್ತಿ ಇರೋದು ತಲೇಲಲ್ಲ" ಎಂದು ನನ್ನ ಹೆಂಡತಿ ಬಹಳ ಹಿಂದೆಯೇ ತೀರ್ಪು ಕೊಟ್ಟಿದ್ದಾಳೆ. ಎಲ್ಲಿದೆ ಎಂದು ನಾನು ಕೇಳಲಿಲ್ಲ. ಜುಬ್ಬಾದ ಗುಂಡಿಗಳು ದಿನವೂ ಹೇಳುತ್ತಲೇ ಇರುತ್ತವೆ.

ಹೀಗಿದ್ದೂ ಒಬ್ಬ ಮನುಷ್ಯ ಮಾತ್ರ ಪ್ರತಿ ವರ್ಷ ದಸರೆ ಮುಗಿಯುತ್ತಿದ್ದಂತೆ ನೆನಪಾಗುತ್ತಾನೆ. ಉಣ್ಣುತ್ತಾ ಕೂತಂತಲ್ಲ, ಉಣ್ಣುವುದನ್ನು ಬಿಟ್ಟು ಎದ್ದು ನಿಂತಂತೆ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿದ್ದೆ. ಹಳೆಯ ಕಾವ್ಯಗಳಲ್ಲಿ ಶರದೃತು ಬಂತೆಂದರೆ ಕೆಸರು ಆರುತ್ತದೆ, ಹೊಳೆ ಇಳಿಯುತ್ತದೆ, ಆಕಾಶ ತೊಳೆದಿಟ್ಟಂತಾಗುತ್ತದೆ. ಅರಸರು ಆಯುಧಪೂಜೆ ಮುಗಿಸಿ ದಂಡಯಾತ್ರೆಗೆ ಹೊರಡುತ್ತಾರೆ. ಕವಿಗಳ ಮಾತು ನಮ್ಮೂರಿನ ಮಟ್ಟಿಗೂ ನಿಜ. ದುರ್ಗದ ಬಂಡೆಗಳ ಸಂದಿಯಲ್ಲಿ ಸೀತಾಫಲ ಕಣ್ಣು ಬಿಡುವುದು ಆಗಲೇ, ಹೊಲದಲ್ಲಿ ಶೇಂಗಾ ಕೀಳುವುದೂ ಆಗಲೇ. ನಾವು ಮೂವರು ಗೆಳೆಯರೂ ದಂಡಯಾತ್ರೆಗೆ ಹೊರಡುತ್ತಿದ್ದೆವು. ಗೆಲ್ಲುವುದಕ್ಕೆ ರಾಜ್ಯವಿರಲಿಲ್ಲವಾದ್ದರಿಂದ ರೊಟ್ಟಿಯ ಗಂಟನ್ನೇ ಗೆಲ್ಲುತ್ತಿದ್ದೆವು. ದಸರೆಯಿಂದ ಕಾರ್ತಿಕ ಮುಗಿಯುವವರೆಗೆ ಪ್ರತಿ ಭಾನುವಾರ ಚಂದ್ರವಳ್ಳಿ. ಕಾಲು ಚುರುಕಾದರೆ ಒಮ್ಮೊಮ್ಮೆ ಬಸ್ಸು ಹಿಡಿದು ರಾಮಗಿರಿ.

ಮೂವರಲ್ಲಿ ಒಬ್ಬ ತಿಪ್ಪೇಸ್ವಾಮಿ. ಹಿರಿಯೂರು ಕಡೆಯ ಕುರುಬರ ಮನೆಯವನು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ನಮ್ಮಿಬ್ಬರದು ಸಸ್ಯಾಹಾರವೆಂದು ಭಾನುವಾರ ಅವನೂ ಬರೀ ಸೊಪ್ಪು, ಕಾಳು ತಿನ್ನುತ್ತಿದ್ದ. "ವಾರವೆಲ್ಲ ಕುರಿ ತಿಂತೀನಿ ಮೇಷ್ಟ್ರೆ, ಒಂದಿನ ಕುರಿ ತಿನ್ನೋದನ್ನ ತಿಂದ್ರೆ ತಪ್ಪೇನೈತೆ" ಎನ್ನುತ್ತಿದ್ದ. ಇನ್ನೊಬ್ಬ ಚನ್ನಬಸಪ್ಪ. ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ, ಸಣಕಲು ಆಳು, ಮಿತಮಾತಿನವನು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಒಬ್ಬಳು ತಂಗಿ ಇದ್ದಾಳೆಂದು ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಅವನು ನಮ್ಮನ್ನು ಮನೆಗೆ ಕರೆಯುತ್ತಿರಲಿಲ್ಲ. ಕೋಟೆ ಕಡೆಯ ಓಣಿಯ ತುದಿಯಲ್ಲಿ ಸೈಕಲ್ ಹಿಡಿದು ನಿಂತಿರುತ್ತಿದ್ದ. ನಾವಿಬ್ಬರೂ ನಡೆಯುವವರು, ಸೈಕಲ್ ಅವನೊಬ್ಬನದೇ. ಹೋಗುವಾಗ ನಮ್ಮ ಜೊತೆ ತಳ್ಳಿಕೊಂಡು ಬರುತ್ತಿದ್ದ. ಬರುವಾಗ ಮಾತ್ರ ಒಬ್ಬನೇ ಹತ್ತಿ ಹೊರಟುಬಿಡುತ್ತಿದ್ದ, ಸರಿಯಾಗಿ ಮೂರೂವರೆಗೆ.

ಊಟ ಮುಗಿದು, ಬಂಡೆಯ ನೆರಳು ಉದ್ದವಾಗಿ, ಮಾತಿಗೆ ರುಚಿ ಹತ್ತುವ ಹೊತ್ತು ಅದು. ಚನ್ನಬಸಪ್ಪ ಕೈಗಡಿಯಾರ ನೋಡಿ, ಪಂಚೆ ಕೊಡವಿ, "ನಾನು ಬರ್ತೀನಪ್ಪ" ಎಂದು ಏಳುತ್ತಿದ್ದ. ಯಾರೋ ಕಾಯುತ್ತಿರಬೇಕು ಎಂದು ನಾವು ಛೇಡಿಸುತ್ತಿದ್ದೆವು. "ಹೂ ಮುಡ್ಕಂಡು ಕಾಯ್ತಾಳೋ, ಮುಡೀದೆ ಕಾಯ್ತಾಳೋ, ಅಷ್ಟಾದ್ರೂ ಹೇಳಪ್ಪ" ಎಂದು ತಿಪ್ಪೇಸ್ವಾಮಿ ಕೇಳಿದರೆ ಚನ್ನಬಸಪ್ಪ ನಕ್ಕು ಸೈಕಲ್ ಹತ್ತುತ್ತಿದ್ದ. ಆ ನಗುವನ್ನು ನಾವು ಒಪ್ಪಿಗೆ ಎಂದು ತಿಳಿದೆವು. ನಿಜವಾಗಿ ಯಾಕೆ ಹೋಗುತ್ತೀಯ ಎಂದು ಮೂರು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಅವನ ರೊಟ್ಟಿ ತೆಳ್ಳಗೆ ಹೇಗೆ ಬರುತ್ತದೆಂದು ಮಾತ್ರ ಹಲವು ಸಲ ಕೇಳಿದ್ದೆ.

ಮೂರನೆಯ ವರ್ಷದ ಒಂದು ಭಾನುವಾರ ನನ್ನ ಜೋಳಿಗೆಯಲ್ಲಿ ರೊಟ್ಟಿಯ ಜೊತೆ ಒಂದು ಪ್ರಬಂಧವೂ ಇತ್ತು. ಶಾಲೆಯ ಪತ್ರಿಕೆಗೆಂದು ಬರೆದದ್ದು, ಸ್ನೇಹದ ಮೇಲೆ. ಬರೆಯುವವರಿಗೆ ಕೇಳುಗರಿಗಾಗಿ ಇರುವ ಹಸಿವು ಎಂಥದೆಂದು ಬರೆಯುವವರಿಗೇ ಗೊತ್ತು. ಊಟಕ್ಕೆ ಮೊದಲು ಓದಿದರೆ ಕೇಳುವವರ ಲಕ್ಷ್ಯ ಗಂಟಿನ ಮೇಲಿರುತ್ತದೆ, ಊಟವಾದ ಕೂಡಲೇ ಓದಿದರೆ ನಿದ್ದೆಯ ಮೇಲೆ. ನಾಲ್ಕು ಗಂಟೆಯೇ ಪ್ರಶಸ್ತ ಎಂದು ಲೆಕ್ಕ ಹಾಕಿದೆ. ಆದರೆ ನಾಲ್ಕಕ್ಕೆ ಚನ್ನಬಸಪ್ಪ ಇರುವುದಿಲ್ಲವಲ್ಲ. ಅವನೇ ಇಬ್ಬರಲ್ಲಿ ಗಮನವಿಟ್ಟು ಕೇಳುವವನು.

ಅವರಿಬ್ಬರೂ ಒಬ್ಬರ ಹಿಂದೊಬ್ಬರು ಕೆರೆಯ ಕಡೆ ಕೈ ತೊಳೆಯಲು ಹೋಗಿದ್ದಾಗ ನಾನು ಸೈಕಲ್ಲಿನ ಹಿಂದಿನ ಚಕ್ರದಿಂದ ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗಾಳಿ ಸುಯ್ಯೆಂದು ಹೋಯಿತು. ಇನ್ನೊಂದು ಗಂಟೆ ಕೂರುತ್ತಾನೆ, ಸಂಜೆ ಮೂವರೂ ಒಟ್ಟಿಗೆ ನಡೆದು ಹೋಗುತ್ತೇವೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಿನ ದುರುದ್ದೇಶ ನನ್ನಲ್ಲಿರಲಿಲ್ಲ. ಅಷ್ಟೇ ಸಾಕಾಯಿತು.

ಮೂರೂವರೆಗೆ ಎದ್ದ ಚನ್ನಬಸಪ್ಪ ಚಕ್ರ ನೋಡಿದ. ಬಗ್ಗಿ ಕೈಯಿಂದ ಮುಟ್ಟಿ ನೋಡಿದ. ಅವನ ಮುಖ ಬಿಳಿಚಿತು. ತಿಪ್ಪೇಸ್ವಾಮಿಗೆ ಯಾವುದನ್ನು ಕಂಡರೂ ಮೊದಲು ನಗು ಬರುತ್ತಿತ್ತು, ಆಗಲೂ ಬಂತು. ಮೇಷ್ಟ್ರನ್ನು ಅನುಮಾನಿಸಲು ತೋಚದೆ ಚನ್ನಬಸಪ್ಪ ನಗುವವನ ಕಡೆಗೇ ತಿರುಗಿದ.

"ತಿಪ್ಪೇಶಿ, ವಾಲ್ವ್ ಕೊಡು."

"ನನ್ನತ್ರ ಎಲ್ಲೈತೋ?"

"ಇದು ತಮಾಷೆ ಅಲ್ಲ. ಕೊಡು."

ಆಗ ಕೊಟ್ಟಿದ್ದರೂ ಪಂಪಿಲ್ಲದೆ ಉಪಯೋಗವಿರಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಕೊಡಬೇಕಾಗಿದ್ದದ್ದು ವಾಲ್ವಲ್ಲ, ಒಂದು ಮಾತು. ಅದು ಬರಲಿಲ್ಲ. ಚನ್ನಬಸಪ್ಪ ಮತ್ತೆ ಏನೂ ಕೇಳದೆ ಸೈಕಲ್ ತಳ್ಳಿಕೊಂಡು, ಅರ್ಧ ಓಡುತ್ತಾ ಅರ್ಧ ನಡೆಯುತ್ತಾ, ಊರಿನ ದಾರಿ ಹಿಡಿದ. ನಾನು ಜೋಳಿಗೆಯಿಂದ ಹಾಳೆ ತೆಗೆದು, ಉಳಿದ ಒಬ್ಬ ಕೇಳುಗನಿಗೆ ಸ್ನೇಹದ ಮೇಲಿನ ಪ್ರಬಂಧವನ್ನು ಪೂರ್ತಿ ಓದಿದೆ. "ಚೆನ್ನಾಗೈತೆ ಮೇಷ್ಟ್ರೆ" ಎಂದ ತಿಪ್ಪೇಸ್ವಾಮಿ. ಅವನು ದಾರಿಯನ್ನೇ ನೋಡುತ್ತಿದ್ದ.

ಮುಂದಿನ ಭಾನುವಾರ ಓಣಿಯ ತುದಿಯಲ್ಲಿ ಚನ್ನಬಸಪ್ಪ ಇರಲಿಲ್ಲ. ಮುನಿಸಿಕೊಂಡಿದ್ದಾನೆ, ತಾನೇ ಬರುತ್ತಾನೆ ಎಂದೆ ನಾನು. ತಿಪ್ಪೇಸ್ವಾಮಿ ಕೇಳದೆ ಅವನ ಮನೆ ಹುಡುಕಿಕೊಂಡು ಹೋದ. ಸಂಜೆ ನನ್ನ ಬಾಡಿಗೆ ಮನೆಯ ಜಗಲಿಗೆ ಬಂದು ಕುಳಿತಾಗ ಅವನ ಮುಖದಲ್ಲಿ ನಗುವಿರಲಿಲ್ಲ. ಅದಿಲ್ಲದ ಅವನ ಮುಖವನ್ನು ನಾನು ಮೊದಲು ಕಂಡದ್ದು ಆವತ್ತೇ.

"ಆ ತಂಗಿಗೆ ಫಿಟ್ಸ್ ಐತಂತೆ ಮೇಷ್ಟ್ರೆ, ಸಣ್ಣೋಳಿದ್ದಾಗಿಂದ. ಯಾವಾಗ ಬರ್ತೈತೆ ಗೊತ್ತಾಗಲ್ಲ. ಭಾನುವಾರ ಪಕ್ಕದ್ಮನೆ ಅಜ್ಜಿ ಬಂದು ಕುಂತ್ಕಂತಾಳೆ, ನಾಕು ಗಂಟೆ ತನಕ. ಆಮ್ಯಾಲೆ ಅವಳು ಹೂ ಮಾರಾಕೆ ಹೋಗಬೇಕು. ಆವತ್ತು ಇವನು ಬರೋದು ಕಾಲು ಗಂಟೆ ತಡ ಆಗೈತೆ. ಬರೋ ಹೊತ್ತಿಗೆ ಒಲೆ ಮುಂದೆ ಬಿದ್ದಿತ್ತಂತೆ. ಬಲಗೈ ಸುಟ್ಟೈತೆ."

ನಾನು ಒಳಗಿಂದ ಒಂದು ಲೋಟ ನೀರು ತಂದಿಟ್ಟೆ. ತಿಪ್ಪೇಸ್ವಾಮಿ ಅದನ್ನು ಮುಟ್ಟಲಿಲ್ಲ.

"ಗಾಳಿ ಬಿಟ್ಟಿದ್ದು ನಾನೇ ಅಂತ ತಿಳ್ಕಂಡಾನೆ. ಕೈ ಮುಗಿದು, ತಪ್ಪಾತು ಅಂತ ಕೇಳ್ಕಂಡು ಬಂದೆ."

"ನೀನಲ್ಲ ಅಂತ ಹೇಳಬಾರದಿತ್ತೇನೋ?"

"ನಾನಲ್ಲ ಅಂದ್ರೆ ನೀವು ಅಂದಂಗಾಗ್ತಿತ್ತು." ಅವನು ನನ್ನ ಕಡೆ ನೋಡದೆ ಹೇಳಿದ. "ನಾನು ಹೆಂಗೂ ಹುಡುಗಾಟದೋನು, ನನ್ನ ಮ್ಯಾಲಿದ್ರೆ ನಡೀತೈತೆ. ನೀವು ಮೇಷ್ಟ್ರು."

ನಾಳೆ ನಾನೇ ಹೋಗಿ ಹೇಳುತ್ತೇನೆ ಎಂದೆ. ನಿಜವಾಗಿಯೂ ಹೋಗಬೇಕೆಂದೇ ಇದ್ದೆ. ಮರುದಿನ ಪರೀಕ್ಷೆಯ ಕಾಗದಗಳು ಬಂದವು. ಅದರ ಮರುದಿನ ಮಳೆ ಬಂತು. ತಪ್ಪನ್ನು ಒಪ್ಪಿಕೊಳ್ಳುವುದೂ ರೊಟ್ಟಿಯಂತೆಯೇ, ಬಿಸಿಯಿದ್ದಾಗ ಮುರಿಯಬೇಕು, ಆರಿದಷ್ಟೂ ಗಟ್ಟಿಯಾಗುತ್ತದೆ. ಮುಂದಿನ ಜೂನ್‌ನಲ್ಲಿ ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ನನ್ನ ಜೀವನದಲ್ಲಿ ಸಂತೋಷದಿಂದ ಒಪ್ಪಿಕೊಂಡ ವರ್ಗ ಅದೊಂದೇ. ಚನ್ನಬಸಪ್ಪ ತಿಪ್ಪೇಸ್ವಾಮಿಯ ಜೊತೆ ಮತ್ತೆ ಮಾತಾಡಲಿಲ್ಲ. ನನ್ನನ್ನು ಮಾತ್ರ ಬಸ್ ಸ್ಟ್ಯಾಂಡಿಗೆ ಬಂದು ಬೀಳ್ಕೊಟ್ಟ.

ತಿಪ್ಪೇಸ್ವಾಮಿಯೂ ಕೆಲವು ವರ್ಷದಲ್ಲಿ ಹಿರಿಯೂರಿಗೆ ಹೋದ. ಪ್ರತಿ ದಸರೆಗೆ ಅವನಿಂದ ಒಂದು ಕಾರ್ಡು ಬರುತ್ತಿತ್ತು: ಶೇಂಗಾ ಕಿತ್ತಿದ್ದೇವೆ, ಬರ್ರಿ. ಹೊಸದುರ್ಗದಲ್ಲಿದ್ದಾಗ ಬಂತು, ಹೊಳಲ್ಕೆರೆಯಲ್ಲಿದ್ದಾಗ ಬಂತು, ನಿವೃತ್ತನಾಗಿ ದುರ್ಗಕ್ಕೇ ಮರಳಿ ಮನೆ ಮಾಡಿದ ಮೇಲೂ ಬಂತು. ಹಿರಿಯೂರು ದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಬರುತ್ತೇನೆ ಎಂದು ಪ್ರತಿ ಸಲವೂ ಉತ್ತರ ಬರೆದೆ. ಅವನ ಎದುರು ಕುಳಿತರೆ ಆ ಜಗಲಿಯ ಮಾತು ಬರುತ್ತದೆಂಬ ಹೆದರಿಕೆ ನನಗೆ. ಹೋದ ವರ್ಷ ಕಾರ್ಡು ಬರಲಿಲ್ಲ. ಅವನ ಹೆಂಡತಿ ಯಾರಿಂದಲೋ ಬರೆಸಿದ ಪತ್ರ ಬಂತು. ಕಾರ್ಯವೆಲ್ಲ ಮುಗಿದು ತಿಂಗಳಾಗಿತ್ತು.

ಪತ್ರ ಹಿಡಿದು ನಾನು ನೇರ ಚನ್ನಬಸಪ್ಪನ ಮನೆಗೆ ಹೋದೆ. ಅಷ್ಟು ವರ್ಷ ಓಣಿಯ ತುದಿಯಲ್ಲೇ ನಿಂತವನು ಮೊದಲ ಸಲ ಆ ಬಾಗಿಲು ದಾಟಿದೆ. ಅಣ್ಣ ತಂಗಿ ಇಬ್ಬರೇ. ಇಬ್ಬರಿಗೂ ತಲೆ ಪೂರಾ ನರೆತಿತ್ತು. ತಂಗಿ ಗೌರಮ್ಮ ನೀರು ತಂದುಕೊಟ್ಟಳು. ಲೋಟ ಹಿಡಿದ ಬಲಗೈಯಲ್ಲಿ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ನೀರು ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿದೆ. ಬಿಚ್ಚಿದ್ದು ನಾನು, ಸುಮ್ಮನಿದ್ದದ್ದು ನಾನು, ಹೊತ್ತುಕೊಂಡದ್ದು ಅವನು, ಈಗ ಅವನಿಲ್ಲ.

ಚನ್ನಬಸಪ್ಪ ಎದ್ದು ಹಿತ್ತಲಿಗೆ ಹೋದ. ಬಾವಿಯ ಹತ್ತಿರ ಬೆನ್ನು ತಿರುಗಿಸಿ ನಿಂತದ್ದು ಕಾಣುತ್ತಿತ್ತು.

ಗೌರಮ್ಮ ನನ್ನ ಎದುರಿಗೆ ನೆಲದ ಮೇಲೆ ಕುಳಿತಳು. "ಆವತ್ತು ಒಲೆ ಯಾಕೆ ಹಚ್ಚಿದ್ದೆ ಗೊತ್ತೇನ್ರಿ ಮೇಷ್ಟ್ರೆ? ಶೇಂಗಾ ಹುರಿಯಾಕೆ. ಅಣ್ಣ ಪ್ರತಿ ಭಾನುವಾರ ಬಂದು ಎಲ್ಲಾ ಹೇಳೋನು. ಏನೇನ್ ತಿಂದ್ರಿ, ತಿಪ್ಪೇಸ್ವಾಮಣ್ಣ ಏನಂದ್ರು, ನೀವು ಯಾವ ಕಥೆ ಹೇಳಿದ್ರಿ, ಒಂದೂ ಬಿಡ್ತಿರಲಿಲ್ಲ. ಕುರಿ ತಿನ್ನೋ ಮಾತಿಗೆ ನಾನು ಎಷ್ಟು ದಿನ ನಕ್ಕಿದ್ದೆ. ನಂಗೂ ಏನಾರ ಮಾಡಿ ಕಳಿಸ್ಬೇಕು ಅಂತ ಆಸೆ. ಅಜ್ಜಿ ಇದ್ರೆ ಒಲೆ ಹತ್ರ ಬಿಡ್ತಿರಲಿಲ್ಲ. ಅವರು ಎದ್ದು ಹೋದ್ರಲ್ಲ, ಹಚ್ಚಿದೆ."

"ನನ್ನಿಂದ ಆಯ್ತು ತಾಯಿ" ಎಂದೆ.

"ಬೆರಳು ವಾಸಿ ಆತು. ಗುಳಿಗೆ ಸರಿಯಾದ್ದು ಸಿಕ್ಕು ಫಿಟ್ಸೂ ನಿಂತು ಎಷ್ಟೋ ವರ್ಷ ಆತು. ಆದ್ರೆ ಆಮ್ಯಾಲೆ ಅಣ್ಣ ಎಲ್ಲೂ ಹೋಗ್ಲಿಲ್ಲ. ನನಗೆ ಭಾನುವಾರನೇ ಇಲ್ಲದಂಗಾತು." ಅವಳು ಹಿತ್ತಲ ಕಡೆ ನೋಡಿ ಹೇಳಿದಳು: "ನನ್ನ ಪಾಲಿಂದು ಬಿಟ್ಟೀನಿ ಮೇಷ್ಟ್ರೆ. ತಿಪ್ಪೇಸ್ವಾಮಣ್ಣನ ಪಾಲಿಂದು ಬಿಡಾಕೆ ನನಗೆ ಅಧಿಕಾರ ಇಲ್ಲ."

ನಾವು ಮೂವರು ಎಂದುಕೊಂಡಿದ್ದೆವು. ನಮ್ಮ ಪಂಕ್ತಿಯಲ್ಲಿ ಇನ್ನೂ ಒಬ್ಬಳು ಇದ್ದಳು, ನಾಲ್ಕು ಗಂಟೆಗೆ ಬಾಗಿಲ ಕಡೆ ನೋಡುತ್ತಾ. ನಾವು ತಿಂದದ್ದನ್ನೇ ಅಣ್ಣನ ಮಾತಿನಲ್ಲಿ ಅವಳು ಉಣ್ಣುತ್ತಿದ್ದಳು. ಚನ್ನಬಸಪ್ಪ ಎದ್ದು ಹೊರಡುತ್ತಿದ್ದದ್ದು ಊಟ ಬಿಟ್ಟಲ್ಲ, ಎರಡನೆಯ ಪಂಕ್ತಿಗೆ ಬಡಿಸುವುದಕ್ಕೆ.

ಅವನು ಹಿತ್ತಲಿಂದ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಾಗಿತ್ತು. "ಅವನು ಕೈ ಮುಗಿದಾಗ ನಾನು ಮುಖ ತಿರುಗಿಸ್ಕಂಡೆ ಮೇಷ್ಟ್ರೆ" ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. "ಬರೋ ಭಾನುವಾರ ಹಿರಿಯೂರಿಗೆ ಹೋಗಾಣ. ಅವನ ಹೆಂಡ್ರಿಗಾದ್ರೂ ಹೇಳಬೇಕು. ಗೌರೀ, ನೀನೂ ಬಾ."

ಹೋದೆವು. ಬಸ್ಸಿನಲ್ಲಿ ಗೌರಮ್ಮ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಹೊರಗೆ ನೋಡಿದಳು. ತಿಪ್ಪೇಸ್ವಾಮಿಯ ಹೆಂಡತಿ ಹನುಮಕ್ಕ ನಮ್ಮನ್ನು ಒಳಗೆ ಕರೆದಳು. ನಾನೂ ಚನ್ನಬಸಪ್ಪನೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಎಲ್ಲವನ್ನೂ ಹೇಳಿದೆವು. ಅವಳು ಕೊನೆಯವರೆಗೂ ಕೇಳಿದಳು.

"ಇದ್ಯಾವುದೂ ನನಗೆ ಹೇಳಿರಲಿಲ್ಲ ಅವರು. ಮೇಷ್ಟ್ರು ಬರ್ತಾರೆ, ಚನ್ನಬಸಪ್ಪ ಬರ್ತಾನೆ, ಬರೀ ಕಾಳಿನ ಸಾರು ಮಾಡು ಅಂತ ಪ್ರತಿ ವರ್ಷ ಹೇಳೋರು. ಮಾಡಿ ಇಟ್ಟು ನಾವೇ ಉಣ್ತಿದ್ವಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೈ ತೊಳ್ಕಳ್ರಿ. ಉಣ್ಣಾಕೆ ಇಡ್ತೀನಿ."

ಮುದ್ದೆ, ಹುರುಳಿಕಾಳಿನ ಸಾರು. ನನ್ನ ಬದುಕಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗದೆ ಉಂಡ ಊಟ ಅದೊಂದೇ. ತಡವಾಗಿ ಹೋದವರಿಗೂ ಊಟ ಸಿಗುತ್ತದೆ, ನಮ್ಮ ಕಡೆಯ ಹೆಂಗಸರು ಅಷ್ಟು ಉದಾರಿಗಳು. ಕರೆದವನು ಮಾತ್ರ ಸಿಗುವುದಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಐಮಂಗಲ ದಾಟಿದ ಮೇಲೆ ಗೌರಮ್ಮ ನಮ್ಮ ಕಡೆ ತಿರುಗಿ, "ಬರೋ ವಾರ ಎಲ್ಲಿಗೆ?" ಎಂದು ಕೇಳಿದಳು. ನಾವು ಮುದುಕರಿಬ್ಬರೂ ಮುಖ ಮುಖ ನೋಡಿಕೊಂಡೆವು. ರಾಮಗಿರಿಗೆ ಹೋಗಬಹುದು ಎಂದೆ ನಾನು. ಬೆಟ್ಟ ಹತ್ತೋರು ಯಾರು, ಎಂದ ಚನ್ನಬಸಪ್ಪ.

"ಬೆಟ್ಟ ಅಲ್ಲೇ ಇರ್ತೈತೆ, ಯಾರೂ ಹೊತ್ಕಂಡು ಹೋಗಲ್ಲ" ಎಂದಳು ಗೌರಮ್ಮ. "ಕೆಳಗೆ ಕುಂತು ಉಣ್ಣಾಣ."